ಗುಂಡಿ ಹೊಲಿಯುವ ಆರು ನಿಮಿಷ

‘ನೋಡದೆ ಬಿಟ್ಟ ಒಳ್ಳೆಯ ಸಿನಿಮಾಗಳು’ ಎಂದು ಈಗ ಪತ್ರಿಕೆಯವರು ವರ್ಷಕ್ಕೊಂದು ಪಟ್ಟಿ ಹಾಕುತ್ತಾರೆ. ಹಾಕಲಿ, ಬೇಡ ಎನ್ನಲು ನಾನ್ಯಾರು? ಆದರೆ ನೋಡದೆ ಬಿಟ್ಟವರು ಯಾರು ಎಂದು ಮಾತ್ರ ಒಬ್ಬರೂ ಬರೆಯುವುದಿಲ್ಲ. ನಾನು ಇಪ್ಪತ್ತೆಂಟು ವರ್ಷ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಮೆಷಿನ್ ಓಡಿಸಿದವನು. ಕ್ಯಾಬಿನ್ನಿನ ಚೌಕದ ಕಿಂಡಿಯಿಂದ ಕೆಳಗೆ ನೋಡಿದರೆ ಯಾರು ಬಂದರು, ಯಾರು ಬರಲಿಲ್ಲ ಎಲ್ಲ ಗೊತ್ತಾಗುತ್ತದೆ. ಇಬ್ಬರು ಕಾವಲುಗಾರರು ಒಂದೇ ಕಂಬಳಿಗಾಗಿ ಕಿತ್ತಾಡುವ ಸಿನಿಮಾ ಒಂದಿತ್ತು; ಹದಿನೇಳು ಜನ ಬಂದರು. ಸೇತುವೆ ಕಟ್ಟಿದ ಮೇಲೆ ದೋಣಿಯವನ ಗತಿ ಏನಾಯಿತು ಎನ್ನುವ ಇನ್ನೊಂದಕ್ಕೆ ಒಂಬತ್ತು ಜನ, ಅದರಲ್ಲಿ ಮೂವರು ಬಿಸಿಲಿಗೆ ಹೆದರಿ ಒಳಗೆ ಬಂದು ಗೊರಕೆ ಹೊಡೆದವರು. ಎರಡನ್ನೂ ಕಿಂಡಿಯಲ್ಲೇ ನಿಂತು ವಾರಪೂರ್ತಿ ನೋಡಿ ನಾನು ಅತ್ತಿದ್ದೇನೆ. ಪಟ್ಟಿ ಬರೆಯುವವರು ಆಗ ಹುಟ್ಟಿದ್ದರೋ ಇಲ್ಲವೋ.

ಈ ವರ್ಷದ ಪಟ್ಟಿಯಲ್ಲಿ ನಾಲ್ಕನೆಯದು ನನ್ನ ಭಾವನ ಸಿನಿಮಾ. ಅಕ್ಕನ ಗಂಡ ತನ್ನ ಜೀವಮಾನದಲ್ಲಿ ತೆಗೆದದ್ದು ಅದೊಂದೇ. ಹೆಸರು ‘ಕೆಲಸದ ಅಂಗಿ’. ತೆಗೆದು ಮೂವತ್ತೊಂದು ವರ್ಷವಾಯಿತು. ಕಥೆ ಸಣ್ಣದು. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ಒಬ್ಬ ಮನುಷ್ಯ ಮನೆಯಲ್ಲಿ ಹೇಳುವುದಿಲ್ಲ. ದಿನಾ ಅದೇ ಅಂಗಿ ಹಾಕಿಕೊಂಡು ಹೊರಟು, ಸಂಜೆಯವರೆಗೆ ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಕೂತು ವಾಪಸು ಬರುತ್ತಾನೆ. ಹೆಂಡತಿಗೆ ಅದು ಮೊದಲ ದಿನವೇ ಗೊತ್ತಾಗಿರುತ್ತದೆ. ಅವಳೂ ಹೇಳುವುದಿಲ್ಲ.

ಆ ಹೆಂಡತಿ ಬಹುಪಾಲು ಬಾಗಿಲ ಪರದೆಯ ಹಿಂದೆಯೇ ಇರುತ್ತಾಳೆ, ಬರೀ ದನಿ, ಬಳೆಯ ಸದ್ದು, ಹೊಲಿಗೆ ಮೆಷಿನ್ನಿನ ಸದ್ದು. ಒಂದೇ ಒಂದು ಸಲ ಎದುರಿಗೆ ಬರುತ್ತಾಳೆ. ಗಂಡನ ಆ ಅಂಗಿ ತೊಡೆಯ ಮೇಲೆ ಇಟ್ಟುಕೊಂಡು, ಕಿತ್ತುಹೋದ ಗುಂಡಿ ಹೊಲಿಯುತ್ತಾಳೆ. ಕೆಲಸವೇ ಇಲ್ಲದವನ ಕೆಲಸದ ಅಂಗಿಗೆ ಗುಂಡಿ. ಮಾತಿಲ್ಲ, ಸಂಗೀತವಿಲ್ಲ, ಆರು ನಿಮಿಷ. ಅದನ್ನು ಮಾಡಿದವಳು ನನ್ನ ಅಕ್ಕ. ಅಕ್ಕ ನಟಿಯಲ್ಲ, ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಎಷ್ಟು ನಟಿಯರನ್ನು ಕೂರಿಸಿ ನೋಡಿದರೂ ಸೂಜಿ ಹಿಡಿದ ಕೈ ಸುಳ್ಳು ಹೇಳುತ್ತದೆ ಎಂದು ಭಾವ ಕೊನೆಗೆ ಹೆಂಡತಿಯನ್ನೇ ಕೂರಿಸಿದರು. ‘ನಿನ್ನ ಆರು ನಿಮಿಷಕ್ಕೋಸ್ಕರಾನೇ ಉಳಿದ ಎರಡು ಗಂಟೆ ತೆಗೆದಿರೋದು’ ಎಂದು ಅವಳಿಗೆ ಹೇಳಿದ್ದರಂತೆ. ಅಕ್ಕ ಅದನ್ನು ನನಗೆ ನಾಲ್ಕು ಸಲ ಹೇಳಿದ್ದಳು.

ಸಿನಿಮಾ ನಮ್ಮ ಥಿಯೇಟರಿಗೆ ಒಂದು ಶುಕ್ರವಾರ ಬಂತು. ಇದ್ದದ್ದು ಒಂದೇ ಪ್ರಿಂಟು. ಅಕ್ಕ ಮೊದಲ ದಿನ ಬರಲಿಲ್ಲ. ಶಾಲೆ ಶುರುವಾಗುವ ಸಮಯ, ಇನ್ನೂರು ಯೂನಿಫಾರಂ ಮೆಷಿನ್ ಮೇಲಿದ್ದವು. ಬುಧವಾರ ಬರುತ್ತೇನೆ ಎಂದಳು. ಭಾವ ಶುಕ್ರವಾರ ಎರಡು ಶೋ ಕೂತರು. ಗುಂಡಿಯ ಸೀನು ಬಂದ ಕೂಡಲೇ ಕೆಳಗೆ ಶುರುವಾಯಿತು ನೋಡಿ. ಶಿಳ್ಳೆ, ಕುರ್ಚಿ ಬಡಿಯುವುದು. ಒಬ್ಬ ಎದ್ದು ನಿಂತು, ‘ನಂದೂ ಒಂದು ಗುಂಡಿ ಬಿದ್ದೋಗಿದೆ, ಬಾರಮ್ಮಾ’ ಎಂದು ಕೂಗಿದ. ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಎಲ್ಲಿಯ ಗುಂಡಿ ಎಂದು ಇನ್ನೊಬ್ಬ ಕೇಳಿದ; ಅದನ್ನು ಇಲ್ಲಿ ಬರೆಯಲಾರೆ. ಭಾವ ಎದ್ದು ಹೋದವರು ಆಮೇಲೆ ಥಿಯೇಟರಿನ ಬೀದಿಗೇ ಕಾಲಿಡಲಿಲ್ಲ.

ಶನಿವಾರವೂ ಅದೇ ಹಾಡು. ಮಧ್ಯಾಹ್ನದ ಶೋ ಮುಗಿದ ಮೇಲೆ ಮ್ಯಾನೇಜರ್ ಕ್ಯಾಬಿನ್ನಿಗೆ ಹತ್ತಿ ಬಂದ. ‘ಯಾರಯ್ಯ ಆ ಹೆಂಗಸು? ಕುರ್ಚಿ ಮುರೀತಾ ಇದಾರೆ. ಏನಾದ್ರೂ ಮಾಡು’ ಎಂದ. ಯಾರು ಎಂದು ನಾನು ಹೇಳಲಿಲ್ಲ. ಗೇಟಿನವನು, ಟಿಕೆಟ್ಟಿನವನು, ಮ್ಯಾನೇಜರ್, ಒಬ್ಬರಿಗೂ ಅದು ನನ್ನ ಅಕ್ಕ ಎಂದು ಗೊತ್ತಿರಲಿಲ್ಲ. ಗೊತ್ತಾಗುವುದೂ ನನಗೆ ಬೇಕಿರಲಿಲ್ಲ. ಅಕ್ಕನ ಮರ್ಯಾದೆ ಉಳಿಸಲು ಹಾಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಉಳಿಸಿಕೊಂಡದ್ದು ನನ್ನದನ್ನು.

ತುಂಡು ಕತ್ತರಿಸುವುದು ನಮ್ಮ ಕೆಲಸದಲ್ಲಿ ಹೊಸದೇನಲ್ಲ. ಕೊನೆಯ ಬಸ್ಸು ತಪ್ಪುತ್ತದೆ ಎಂದರೂ ಕತ್ತರಿ, ಜನ ಆಕಳಿಸಿದರೂ ಕತ್ತರಿ. ಆದರೆ ಅದಕ್ಕೊಂದು ನೇಮವಿತ್ತು. ಕತ್ತರಿಸಿದ ತುಂಡನ್ನು ಸುತ್ತಿ, ಯಾವ ರೀಲು, ಎಲ್ಲಿಂದ ಎಲ್ಲಿಗೆ ಎಂದು ಚೀಟಿ ಬರೆದು ಡಬ್ಬಿಗೆ ಹಾಕಿಡಬೇಕು. ಪ್ರಿಂಟು ವಾಪಸು ಹೋಗುವ ಮೊದಲು ಮತ್ತೆ ಅದರ ಜಾಗಕ್ಕೆ ಅಂಟಿಸಬೇಕು. ನಾನು ಐದನೆಯ ರೀಲಿನಿಂದ ಐನೂರ ನಲವತ್ತು ಅಡಿ ಬಿಡಿಸಿದೆ, ಸುತ್ತಿದೆ, ಚೀಟಿಯನ್ನೂ ಬರೆದೆ. ಮಂಗಳವಾರ ಸಂಜೆ ಅಂಟಿಸಿಬಿಟ್ಟರೆ ಬುಧವಾರ ಅಕ್ಕ ಬಂದಾಗ ಸೀನು ಇರುತ್ತದೆ, ಆ ಒಂದು ಶೋಗೆ ಕೂಗುವವರು ಕೂಗಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಂಥ ಜಾಣ ನಾನು!

ಅಕ್ಕ ಭಾನುವಾರ ಮಧ್ಯಾಹ್ನವೇ ಬಂದಳು. ರಾತ್ರಿಯೆಲ್ಲ ಕೂತು ಯೂನಿಫಾರಂ ಮುಗಿಸಿದ್ದಳಂತೆ. ಒಬ್ಬಳೇ ಅಲ್ಲ, ಅವಳ ಹತ್ತಿರ ಬಟ್ಟೆ ಹೊಲಿಸುವ ನಾಲ್ಕು ಹೆಂಗಸರನ್ನೂ ಕರೆತಂದಿದ್ದಳು. ನಾನು ಕಿಂಡಿಯಲ್ಲಿ ನೋಡುವ ಹೊತ್ತಿಗೆ ಎರಡನೆಯ ರೀಲು ಓಡುತ್ತಿತ್ತು. ಆರನೆಯ ಸಾಲಿನಲ್ಲಿ ಐವರೂ ಒತ್ತಿಕೊಂಡು ಕೂತಿದ್ದರು. ನಮ್ಮಲ್ಲಿ ರೀಲುಗಳನ್ನೆಲ್ಲ ಒಂದೇ ದೊಡ್ಡ ಸುರುಳಿಗೆ ಸೇರಿಸಿ ಓಡಿಸುತ್ತಿದ್ದೆವು, ಓಡುವ ಪ್ರಿಂಟಿನಲ್ಲಿ ಏನು ಅಂಟಿಸಲಿ? ಐದನೆಯ ರೀಲು ಬಂತು. ಪರದೆಯ ಹಿಂದೆ ಅವಳ ದನಿ ಕೇಳಿಸಿದಾಗ ಅಕ್ಕ ಪಕ್ಕದವಳ ಮೊಣಕೈ ತಿವಿದಳು, ಈಗ ನೋಡು ಎನ್ನುವ ಹಾಗೆ. ಆ ‘ಈಗ’ ಬರಲೇ ಇಲ್ಲ. ಐದು ಮುಗಿದು ಆರು ಬಂತು. ದೀಪ ಹತ್ತಿದಾಗ ಒಬ್ಬಳು, ‘ಅಲ್ಲಾ, ನೀವೆಲ್ಲಿ ಬಂದ್ರಿ?’ ಎಂದು ಕೇಳಿದ್ದು ಮೇಲಿನವರೆಗೆ ಕೇಳಿಸಿತು. ‘ಇದ್ದೆನಲ್ರೀ, ಪರದೆ ಹಿಂದೆ’ ಎಂದು ಅಕ್ಕ ನಕ್ಕಳು. ಅವರೂ ನಕ್ಕರು.

ಅವರನ್ನು ಕಳಿಸಿ ಅಕ್ಕ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದಳು.

‘ಯಾರೋ ತೆಗೆದದ್ದು?’

ತುಂಡು ಅವಳ ಹಿಂದಿನ ಬೆಂಚಿನ ಮೇಲೆ ಡಬ್ಬಿಯಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ನಾನು, ‘ಡೈರೆಕ್ಟರ್ ಹೇಳ್ದೆ ನಾವು ಒಂದಡೀನೂ ಮುಟ್ಟೋ ಹಾಗಿಲ್ಲ ಅಕ್ಕಾ’ ಎಂದೆ.

‘ನಾನು ಅಷ್ಟು ಕೆಟ್ಟದಾಗಿ ಮಾಡಿದ್ನೇನೋ?’ ಎಂದಳು. ನಾನು ಮೆಷಿನ್ನಿನ ಗಾಜು ಒರೆಸುತ್ತ ಬೆನ್ನು ತಿರುಗಿಸಿದೆ. ಅವಳು ಇಳಿದು ಹೋದಳು.

ಸೋಮವಾರ ಬೆಳಿಗ್ಗೆ ಸಿನಿಮಾ ಎತ್ತಿಬಿಟ್ಟರು. ಹೊಸ ಸಿನಿಮಾದ ಪೆಟ್ಟಿಗೆಗಳು ಬಾಗಿಲಲ್ಲಿದ್ದವು, ಹಳೆಯದನ್ನು ಒಯ್ಯುವ ಗಾಡಿ ಹಾರನ್ ಹೊಡೆಯುತ್ತಿತ್ತು. ಅವಸರದಲ್ಲಿ ಮರೆತೆ ಎಂದು ಹೇಳಿದರೆ ಯಾರಾದರೂ ನಂಬುತ್ತಾರೆ. ಹತ್ತು ನಿಮಿಷದ ಕೆಲಸ ಅದು. ಅಂಟಿಸಿದರೆ ತೆಗೆದವನು ನಾನು ಎಂದು ಒಪ್ಪಿಕೊಂಡ ಹಾಗೆ ಆಗುತ್ತದೆ ಎನ್ನಿಸಿತು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಆಮೇಲೆ ಪ್ರಿಂಟು ಹಾಕುವ ಲ್ಯಾಬ್ ಮುಚ್ಚಿತು, ನೆಗೆಟಿವ್ ಕಸಕ್ಕೆ ಹೋಯಿತು. ಜಗತ್ತಿನಲ್ಲಿ ಆ ಆರು ನಿಮಿಷ ಉಳಿದದ್ದು ನನ್ನ ಮಂಚದ ಕೆಳಗೆ ಮಾತ್ರ.

ಅಕ್ಕ ಭಾವನನ್ನು ಕೇಳಲೇ ಇಲ್ಲ. ಕೇಳುತ್ತಾಳೆ, ಸಿಕ್ಕಿಬೀಳುತ್ತೇನೆ ಎಂದು ನಾನು ಒಂದು ವರ್ಷ ಹೆದರಿದೆ. ಅವಳ ಸ್ವಭಾವ ನನಗೆ ಗೊತ್ತಿರಬೇಕಿತ್ತು. ಜಗಳವಾಡಲಿಲ್ಲ, ಬಿಟ್ಟು ಹೋಗಲಿಲ್ಲ, ಮಾತು ನಿಲ್ಲಿಸಿದಳು. ‘ಊಟ ಇಟ್ಟಿದೆ’, ‘ನೀರು ಬಂದಿದೆ’, ಅಷ್ಟೇ, ಅದೂ ಗೋಡೆಗೆ ಹೇಳುವ ಹಾಗೆ. ಸಿನಿಮಾ ಬಿದ್ದ ಬೇಸರ ಎಂದು ಭಾವ ತಿಳಿದರು. ಅವರಿಗೂ ಇನ್ನೊಂದು ಸಿನಿಮಾ ಯಾರೂ ಕೊಡಲಿಲ್ಲ. ಪಾಸ್‌ಪೋರ್ಟ್ ಫೋಟೊ ತೆಗೆಯುವ ಒಂದು ಗೂಡಂಗಡಿ ಹಾಕಿದರು. ಮೂವತ್ತು ವರ್ಷ ಅವರು ಕೊಟ್ಟ ನಿರ್ದೇಶನ ಒಂದೇ: ‘ಗಲ್ಲ ಸ್ವಲ್ಪ ಮೇಲೆ. ನಗಬೇಡಿ.’

ಇನ್ನೊಂದು ವಿಷಯ ಬೀದಿಗೆಲ್ಲ ಗೊತ್ತಿತ್ತು. ದೀಪದ ಬುಡ ಕತ್ತಲು ಅನ್ನುತ್ತಾರಲ್ಲ, ಊರ ಬಟ್ಟೆಯೆಲ್ಲ ಹೊಲಿಯುವವಳ ಗಂಡನ ಅಂಗಿಗೆ ಗುಂಡಿ ಇರುತ್ತಿರಲಿಲ್ಲ. ಬಿದ್ದರೆ ಬಿತ್ತು, ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದರು. ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿ ಇದ್ದವನು, ಮದುವೆಯಾಗದವನು, ಎರಡು ಹೊತ್ತೂ ಅಕ್ಕನ ಕೈಯ ಊಟ ತಿಂದವನು. ಅವರ ಎದೆಯ ಮೇಲಿನ ಪಿನ್ನನ್ನು ನೋಡುತ್ತಲೇ ತಿಂದೆ.

ಪಟ್ಟಿ ಬಂದದ್ದು ಒಂದು ಭಾನುವಾರ. ಬರೆದವಳು ಮೂವತ್ತು ದಾಟದ ಒಬ್ಬ ಹೆಣ್ಣುಮಗಳು. ನಾನು ಅವಳಿಗೆ ಪಟ್ಟಿ ಮೇಡಂ ಎಂದು ಹೆಸರಿಟ್ಟೆ. ಯಾವುದೋ ಗೋಡೌನಿನಲ್ಲಿ ಸಿಕ್ಕ ಪ್ರಿಂಟನ್ನು ಹಳೆಯ ಸಿನಿಮಾ ಉಳಿಸುವವರು ತೊಳೆದು ಕಂಪ್ಯೂಟರಿಗೆ ಹಾಕಿದ್ದರು, ಅದನ್ನು ನೋಡಿ ಬರೆದಿದ್ದಳು. ಅವಳು ಬರೆದದ್ದು ಹೀಗೆ: ಈ ಚಿತ್ರದ ದೊಡ್ಡತನವಿರುವುದು ಹೆಂಡತಿಯ ಮುಖವನ್ನು ಒಮ್ಮೆಯೂ ತೋರಿಸದ ಧೈರ್ಯದಲ್ಲಿ.

ಭಾವ ಪತ್ರಿಕೆ ಹಿಡಿದುಕೊಂಡು ಮಹಡಿಗೆ ಬಂದರು. ಮುಖ ಹಬ್ಬದ ಮನೆ. ‘ನಾಲ್ಕನೇದು ಕಣಯ್ಯ! ಹನ್ನೆರಡರಲ್ಲಿ ನಾಲ್ಕನೇದು!’ ಎಂದರು. ಆಮೇಲೆ, ‘ಆದ್ರೆ ಒಮ್ಮೆಯೂ ಅಂದ್ರೇನು? ಗುಂಡಿ ಸೀನು ಇದೆಯಲ್ಲ?’

ನಾನು ಮಂಚದ ಕೆಳಗಿನಿಂದ ಡಬ್ಬಿ ಎಳೆದು ಅವರ ಮುಂದಿಟ್ಟೆ. ಎಲ್ಲ ಹೇಳಿದೆ. ಮ್ಯಾನೇಜರ್ ಹೇಳಿದ್ದು, ನಾನು ಕತ್ತರಿಸಿದ್ದು, ಅಕ್ಕನಿಗೆ ಹೇಳಿದ ಸುಳ್ಳು, ಅವಳು ಕೇಳಿದ ಮಾತು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಡಬ್ಬಿಯ ಮುಚ್ಚಳ ಸವರಿದರು.

‘ಅದಕ್ಕೇನಾ ಅವಳು…’ ಎಂದರು.

‘ಹೋಗಿ ಆ ಪತ್ರಿಕೆಯವರಿಗೆ ಹೇಳೋಣ ಭಾವ. ಇದನ್ನೂ ಸೇರಿಸಿ ತೋರಿಸ್ಲಿ.’

‘ಸೇರಿಸಿದ್ರೆ?’ ಎಂದರು ಭಾವ, ಪತ್ರಿಕೆ ನೋಡುತ್ತ. ‘ಈಯಮ್ಮ ಹೊಗಳಿರೋದು ಇದು ಇಲ್ಲ ಅಂತ ತಾನೇ? ಮೂವತ್ತೊಂದು ವರ್ಷ ಆದ್ಮೇಲೆ ಒಬ್ಬರು ಒಳ್ಳೆ ಮಾತಾಡಿದಾರೆ. ಅದಕ್ಕೂ ಕತ್ತರಿ ಹಾಕ್ತೀಯೇನಯ್ಯ? ಮುಂದಿನ ಭಾನುವಾರ ಶೋ ಇಟ್ಕೊಂಡಿದಾರೆ. ಅದೊಂದು ಮುಗೀಲಿ. ನಿಮ್ಮಕ್ಕನಿಗೆ ನಾನೇ ಹೇಳ್ತೀನಿ.’

ಕಳ್ಳನಿಗೆ ಬೇರೆಯವರ ಕಳ್ಳತನ ತಡೆಯುವ ಬಾಯಿ ಎಲ್ಲಿಂದ ಬರಬೇಕು?

ಅಕ್ಕನೂ ಪಟ್ಟಿ ಓದಿದ್ದಳು. ಆ ಕಾಗದವನ್ನು ಕತ್ತರಿಸಿ ಮೆಷಿನ್ನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಳು. ಆ ವಾರ ಅವಳಲ್ಲಿ ಏನೋ ಸಡಿಲವಾಯಿತು. ಒಂದು ದಿನ ನನಗೆ ಬಡಿಸುತ್ತ, ‘ತೆಗೆದದ್ದೇ ಒಳ್ಳೇದಾಯ್ತೇನೋ ಕಣೋ. ಸಿನಿಮಾಗೆ ಬೇಡವಾಗಿತ್ತು, ಅದಕ್ಕೆ ತೆಗೆದ್ರು. ನಾನು ಕೆಟ್ಟದಾಗಿ ಮಾಡಿದೆ ಅಂತಲ್ಲ’ ಎಂದಳು. ನಾನು ತಟ್ಟೆ ನೋಡುತ್ತ ಅನ್ನ ಕಲಸಿದೆ. ಶೋ ದಿನ ಬೆಳಿಗ್ಗೆ ನಾನು ಕೆಳಗೆ ಇಳಿದಾಗ ಅವಳು ಕಿಟಕಿಯ ಹತ್ತಿರ ಕೂತು ಭಾವನ ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಎರಡಲ್ಲ ಮೂರಲ್ಲ, ಐದು ಗುಂಡಿ. ಹಲ್ಲಿನಿಂದ ದಾರ ಕಡಿದು, ಅಂಗಿಯನ್ನು ಅವರ ಕೈಗೇ ಕೊಟ್ಟು, ಮುಖ ನೋಡಿ, ‘ಹಾಕ್ಕೊಳ್ಳಿ’ ಎಂದಳು.

ಹಾಲ್ ತುಂಬಿತ್ತು. ಅಂದು ನೋಡದೆ ಬಿಟ್ಟವರ ಮಕ್ಕಳೆಲ್ಲ ಬಂದಿದ್ದರು ಎಂದು ಕಾಣುತ್ತದೆ. ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಸಿನಿಮಾ ಓಡಿತು. ಯಾರೂ ಶಿಳ್ಳೆ ಹೊಡೆಯಲಿಲ್ಲ. ಐದನೆಯ ರೀಲಿನಲ್ಲಿ ನಾನು ಕತ್ತರಿಸಿ ಜೋಡಿಸಿದ ಜಾಗ ಬಂದಾಗ ನಮ್ಮ ಮುಂದೆಯೇ ಕೂತಿದ್ದ ಪಟ್ಟಿ ಮೇಡಂ ಪಕ್ಕದವರಿಗೆ, ‘ನೋಡಿ, ಇಲ್ಲೇ, ಎಂಥ ಕಟ್!’ ಎಂದು ಪಿಸುಗುಟ್ಟಿದಳು. ನನ್ನ ಜೀವನದಲ್ಲಿ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ.

ಆಮೇಲೆ ಭಾವನನ್ನು ವೇದಿಕೆಗೆ ಕರೆದರು. ಐದೂ ಗುಂಡಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ಪಟ್ಟಿ ಮೇಡಂ ಮೈಕು ಹಿಡಿದು, ‘ಸರ್, ಹೆಂಡತಿಯನ್ನ ತೋರಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ರಾ?’ ಎಂದು ಕೇಳಿದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ದೊಡ್ಡ ಹಾಲು, ಅಷ್ಟು ಕಿವಿಗಳು. ಅವರಿಗೆ ಅಷ್ಟು ಸಣ್ಣ ಉತ್ತರ ಸಾಲಲಿಲ್ಲ.

‘ಇಲ್ಲಮ್ಮ, ಒಂದು ಸೀನು ತೆಗೆದಿದ್ದೆ’ ಎಂದರು. ‘ಗುಂಡಿ ಹೊಲಿಯೋದು. ಆದ್ರೆ ಮಾಡಿದವರಿಗೆ ನಟನೆ ಬರ್ತಿರ್ಲಿಲ್ಲ. ನೋಡ್ತಾ ನೋಡ್ತಾ ಗೊತ್ತಾಯ್ತು, ಇದನ್ನ ಕಿತ್ತು ಹಾಕಿದ್ರೇನೇ ಸಿನಿಮಾ ಉಳಿಯೋದು ಅಂತ. ಎದೆ ಮೇಲೆ ಕಲ್ಲಿಟ್ಕೊಂಡು ನಾನೇ ಕತ್ತರಿಸಿದೆ.’

ಜನ ಪ್ರೀತಿಯಿಂದ ನಕ್ಕು ಚಪ್ಪಾಳೆ ತಟ್ಟಿದರು. ನಾನು ಅಕ್ಕನ ಕಡೆ ನೋಡಲಿಲ್ಲ. ಅವಳ ಕೈ ಕಂಡಿತು. ಅದೂ ಚಪ್ಪಾಳೆ ತಟ್ಟುತ್ತಿತ್ತು, ಎಲ್ಲರಿಗಿಂತ ಸ್ವಲ್ಪ ನಿಧಾನವಾಗಿ.

ಭಾವ ಅಂದು ಅವಳಿಗೆ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ, ಅಂಗಡಿಗೆ ಹೋದರು. ಹತ್ತು ಗಂಟೆಗೆ ನಾನು ಡಬ್ಬಿ ಹಿಡಿದುಕೊಂಡು ಮುಂದಿನ ಕೋಣೆಗೆ ಹೋದೆ. ಅಕ್ಕ ಆ ಬಿಳಿ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬ್ಲೇಡಿನಿಂದ ಗುಂಡಿ ಕೀಳುತ್ತಿದ್ದಳು. ಮೂರು ಕಿತ್ತಾಗಿತ್ತು.

‘ಅಕ್ಕಾ, ಭಾವ ತೆಗೀಲಿಲ್ಲ. ನಾನು ತೆಗೆದೆ’ ಎಂದೆ. ಉಳಿದದ್ದನ್ನೂ ಹೇಳಿದೆ, ಭಾವನಿಗೆ ಎಂಟು ದಿನದ ಹಿಂದೆಯೇ ಗೊತ್ತಿತ್ತು ಎಂಬುದನ್ನೂ. ಅವಳು ಬ್ಲೇಡು ಕೆಳಗಿಟ್ಟಳು.

‘ಇದೆಯಾ ಅದರಲ್ಲಿ? ತೆಗಿ.’

ಮುಚ್ಚಳ ತೆರೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಇಷ್ಟು ವರ್ಷಕ್ಕೆ ಫಿಲ್ಮು ಹಾಗೆಯೇ ಕೊಳೆಯುವುದು. ಒಳಗಿನ ಅರ್ಧ ಅಂಟಿಕೊಂಡು ಇಟ್ಟಿಗೆಯಾಗಿತ್ತು. ಹೊರಗಿನ ಸುತ್ತುಗಳು ಮುರುಟಿದ್ದವು, ಆದರೂ ಬಿಡಿಸಿದರೆ ಬರುತ್ತಿದ್ದವು.

‘ಎಷ್ಟು ಗಜ?’ ಎಂದು ಕೇಳಿದಳು.

‘ನೂರ ಎಂಬತ್ತಿತ್ತು. ಈಗ ಅರ್ಧ ಸಿಗಬಹುದು.’

ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಳು. ನಾನು ಎರಡು ಕೈಯಲ್ಲಿ ಸುರುಳಿ ಹಿಡಿದುಕೊಂಡೆ. ಅವಳು ಬಟ್ಟೆ ಅಳೆಯುವ ಹಾಗೆ ಸ್ವಲ್ಪ ಸ್ವಲ್ಪವೇ ಎಳೆದು ಬೆಳಕಿಗೆ ಹಿಡಿದು ನೋಡತೊಡಗಿದಳು. ಒಂದೊಂದು ಚೌಕದಲ್ಲೂ ಉಗುರಿನಷ್ಟು ಸಣ್ಣ ಒಬ್ಬ ಹೆಂಗಸು ಅಂಗಿ ಹಿಡಿದು ಕೂತಿದ್ದಳು. ಮಧ್ಯೆ ನನ್ನ ತೋಳು ಸೋತು ಇಳಿಯಿತು.

‘ಮೇಲೆ ಹಿಡಿ’ ಎಂದಳು. ‘ಮುಗಿದಿಲ್ಲ ಇನ್ನೂ.’

ಒಂದು ಗಂಟೆಯ ಮೇಲಾಯಿತು. ಅಂಗಿ ಕೊಡಲು ಬಂದ ಗಿರಾಕಿಯನ್ನು ಆಮೇಲೆ ಬನ್ನಿ ಎಂದು ಕಳಿಸಿದಳು. ಸುರುಳಿ ಅಂಟಿಕೊಂಡ ಜಾಗ ಬಂದು ಎಳೆದರೆ ಹರಿಯಿತು. ಕೊನೆಯಲ್ಲಿ ಸಿಕ್ಕ ಚೌಕದಲ್ಲಿ ಅವಳು ಸೂಜಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ತಲೆ ಎತ್ತಿದ್ದಳು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಗಾಜು ಕೆಳಗಿಟ್ಟಳು.

‘ಚೆನ್ನಾಗೇ ಮಾಡಿದ್ದೆ ಕಣೋ’ ಎಂದಳು.

‘ಹೌದಕ್ಕಾ.’

‘ನಿನಗೆ ಅವತ್ತೇ ಗೊತ್ತಿತ್ತು.’

‘ಗೊತ್ತಿತ್ತು.’

ಅವಳು ನೆಲದ ಮೇಲೆ ರಾಶಿ ಬಿದ್ದಿದ್ದ ಫಿಲ್ಮನ್ನು ದಾಟಿ ನನ್ನ ಹತ್ತಿರ ಬಂದಳು. ನನ್ನ ಅಂಗಿಯ ಕತ್ತಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಿದಳು, ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ಎಲ್ಲ ಗಟ್ಟಿಯಾಗಿದ್ದವು. ಎಲ್ಲ ಅವಳೇ ಹಾಕಿದ್ದು.

‘ಮೂವತ್ತೊಂದು ವರ್ಷ ಅವರಿಗೆ ಪಿನ್ನು ಚುಚ್ಚಿಸ್ದೆ’ ಎಂದಳು. ‘ನಿಂದು ಒಂದು ಗುಂಡಿನೂ ಬೀಳೋಕೆ ಬಿಡಲಿಲ್ಲ.’

ಹೋಗಿ ಕೂತು ಬ್ಲೇಡು ಎತ್ತಿಕೊಂಡಳು. ಭಾವನ ಅಂಗಿಯಲ್ಲಿ ಉಳಿದಿದ್ದ ಎರಡನ್ನೂ ಕಿತ್ತಳು. ಆಮೇಲೆ ತಲೆ ಎತ್ತದೆ, ‘ಆ ಅಂಗಿ ಬಿಚ್ಚಿ ಅಲ್ಲಿಟ್ಟು ಹೋಗು’ ಎಂದಳು.

ಬಿಚ್ಚಿ ಇಟ್ಟು ಬಂದೆ.